ಹಳೆಯ ನ್ಯಾಸ್ ವಿಪರೀತ ಬಿಸಿಯಾಗುತ್ತಿದೆಯೇ? ಸ್ಕ್ರೂಡ್ರೈವರ್ ಹಿಡಿಯುವ ಮುನ್ನ ಮತ್ತು ನಂತರದ ಹಂತಗಳು

ಮನೆಯ ಫೋಟೊ, ವಿಡಿಯೊ, ಕಾಗದಪತ್ರಗಳನ್ನೆಲ್ಲ ಹೊತ್ತು ಐದಾರು ವರ್ಷ ಹಗಲೂ ರಾತ್ರಿ ಓಡಿದ ನ್ಯಾಸ್, ಅಂದರೆ ಮನೆಯ ನೆಟ್‌ವರ್ಕಿಗೆ ಜೋಡಿಸಿ ಹಲವು ಡಿಸ್ಕುಗಳಲ್ಲಿ ಫೈಲು ಇಡುವ ಪೆಟ್ಟಿಗೆ, ಒಂದು ದಿನ ಬೀಪ್ ಬೀಪ್ ಎನ್ನತೊಡಗುತ್ತದೆ. ಇಲ್ಲವೇ ಬೆಳಿಗ್ಗೆ ನೋಡಿದರೆ ತಾನಾಗಿಯೇ ಆಫ್ ಆಗಿರುತ್ತದೆ. ಲಾಗ್ ತೆರೆದರೆ ಉಷ್ಣತೆ ಮಿತಿ ಮೀರಿದೆ ಎಂಬ ಸಾಲು. ಆಗ ಹೆಚ್ಚಿನವರು ನೇರ ಹೊಸ ಫ್ಯಾನ್ ತರಿಸಿ ಹಾಕುತ್ತಾರೆ. ಎರಡು ವಾರಕ್ಕೆ ಮತ್ತೆ ಅದೇ ಬೀಪ್. ಆಮೇಲೆ ಧೂಳು ಊದುತ್ತಾರೆ, ಅದೂ ಸಾಲದೆಂದು ಮುಚ್ಚಳ ತೆಗೆದು ಇಡುತ್ತಾರೆ, ಅಷ್ಟರಲ್ಲಿ ಒಂದು ಡಿಸ್ಕ್ ಕೈಕೊಡುತ್ತದೆ. ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಆಮೇಲೆ ಎಂಬುದು ಗೊತ್ತಿಲ್ಲದೆ ಆಗುವ ನಷ್ಟ ಇದು. ಆದ್ದರಿಂದ ಕೆಳಗಿನ ಹಂತಗಳನ್ನು ಬರೆದಿರುವ ಕ್ರಮದಲ್ಲೇ ಮಾಡಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಪ್ರತಿ ಬದಲಾವಣೆಯ ನಂತರ ಮತ್ತೆ ಅಳತೆ.

ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದವು

ಕೋಣೆಯ ಉಷ್ಣತೆ ತೋರಿಸುವ ಒಂದು ಸಾದಾ ಡಿಜಿಟಲ್ ಥರ್ಮಾಮೀಟರ್, ನೋಟ್‌ಬುಕ್, ಪೆನ್ನು. ಬ್ಯಾಕಪ್ಪಿಗೆ ಒಂದು ಯುಎಸ್‌ಬಿ ಡಿಸ್ಕ್, ಒಂದು ಟೇಬಲ್ ಫ್ಯಾನ್. ಇಷ್ಟಿದ್ದರೆ ಮೊದಲ ಐದು ಹಂತಗಳು ಮುಗಿಯುತ್ತವೆ. ಪೆಟ್ಟಿಗೆ ತೆರೆಯುವ ಹೊತ್ತಿಗೆ ನಕ್ಷತ್ರ ತಲೆಯ ಸ್ಕ್ರೂಡ್ರೈವರ್, ಮೃದು ಕೂದಲಿನ ಬ್ರಷ್, ಗಾಳಿ ಊದುವ ಬ್ಲೋವರ್ ಅಥವಾ ಒತ್ತಿದ ಗಾಳಿಯ ಡಬ್ಬಿ, ಡಿಸ್ಕುಗಳಿಗೆ ನಂಬರ್ ಬರೆಯಲು ಕಾಗದದ ಟೇಪ್, ಟಾರ್ಚ್ ಬೇಕು. ಥರ್ಮಲ್ ಪೇಸ್ಟ್ (ಸಿಪಿಯು ಬಿಸಿಯನ್ನು ಅದರ ಮೇಲಿನ ಲೋಹಕ್ಕೆ ದಾಟಿಸುವ ಲೇಪ) ಮತ್ತು ಅದನ್ನು ಒರೆಸುವ ಐಸೊಪ್ರೊಪೈಲ್ ಆಲ್ಕೊಹಾಲ್ 8ನೇ ಹಂತಕ್ಕೆ ಮಾತ್ರ. ಅಲ್ಲಿಯವರೆಗೆ ಹೋಗುವ ಅಗತ್ಯವೇ ಬೀಳದಿರಬಹುದು, ಈಗಲೇ ಕೊಳ್ಳಬೇಡಿ. ಹೊಸ ಫ್ಯಾನನ್ನಂತೂ ಈಗ ಕೊಳ್ಳಲೇಬೇಡಿ.

ಹಂತ 1: ಆಫ್ ಮಾಡುವ ಮೊದಲೇ ಬ್ಯಾಕಪ್

ಈ ಹಂತವನ್ನು ಹಾರಿಸಿದವರೇ ಹೆಚ್ಚು ಕಳೆದುಕೊಂಡವರು. ವರ್ಷಗಟ್ಟಲೆ ನಿಲ್ಲದೆ ತಿರುಗಿದ ಡಿಸ್ಕ್ ಒಮ್ಮೆ ನಿಂತು ತಣ್ಣಗಾದ ಮೇಲೆ ಮತ್ತೆ ತಿರುಗದೇ ಹೋಗುವುದುಂಟು. ತಿರುಗುತ್ತಿರುವಾಗ ಚೆನ್ನಾಗಿಯೇ ಇತ್ತು, ಧೂಳು ಒರೆಸಲೆಂದು ಆಫ್ ಮಾಡಿದೆ, ಆಮೇಲೆ ಏಳಲೇ ಇಲ್ಲ ಎಂಬ ಮಾತನ್ನು ನಾನು ಎಷ್ಟೋ ಸಲ ಕೇಳಿದ್ದೇನೆ.

ರೇಡ್, ಅಂದರೆ ಒಂದು ಡಿಸ್ಕ್ ಕೆಟ್ಟರೂ ಫೈಲು ಉಳಿಯುವಂತೆ ಹಲವು ಡಿಸ್ಕುಗಳಲ್ಲಿ ಹಂಚಿಡುವ ಏರ್ಪಾಡು, ಇದೆಯಲ್ಲ ಎಂಬ ಧೈರ್ಯ ಬೇಡ. ಒಂದು ಡಿಸ್ಕ್ ಹೋದರೆ ರೇಡ್ ಕಾಪಾಡುತ್ತದೆ. ಆದರೆ ಒಂದೇ ಪೆಟ್ಟಿಗೆಯಲ್ಲಿ, ಒಂದೇ ಬಿಸಿಯಲ್ಲಿ, ಒಂದೇ ದಿನ ಕೊಂಡ ನಾಲ್ಕೂ ಡಿಸ್ಕುಗಳು ಬೆಂದಿದ್ದರೆ ಎರಡನೆಯದೂ ಹಿಂದೆಯೇ ಹೋಗುವ ಅಪಾಯ ನಿಜವಾದದ್ದು. ಬೇರೊಂದು ಯುಎಸ್‌ಬಿ ಡಿಸ್ಕಿಗೆ, ಮತ್ತೆಲ್ಲೂ ಸಿಗದ ಫೈಲುಗಳನ್ನು ಮೊದಲು ನಕಲು ಮಾಡಿ. ಫೋಟೊ ಮೊದಲು, ಸಿನಿಮಾ ಕೊನೆಗೆ.

ನಕಲು ಮಾಡುವಾಗಲೂ ಡಿಸ್ಕ್ ಬಿಸಿಯಾಗುತ್ತದೆ. ನಕಲು ಮುಗಿಯುವವರೆಗೆ ಮಾತ್ರ, ಬ್ರೌಸರಿನಲ್ಲಿ ತೆರೆಯುವ ನ್ಯಾಸ್‌ನ ಹತೋಟಿ ಪುಟದಲ್ಲಿ ಫ್ಯಾನ್ ಸೆಟ್ಟಿಂಗನ್ನು ಪೂರ್ಣ ವೇಗಕ್ಕೆ ಹಾಕಿ, ಒಂದು ಟೇಬಲ್ ಫ್ಯಾನನ್ನು ಪೆಟ್ಟಿಗೆ ಗಾಳಿ ಎಳೆದುಕೊಳ್ಳುವ ಬದಿಗೆ ತಿರುಗಿಸಿಡಿ. ಗಾಳಿ ಹೊರಬರುವ ಬದಿಗೆ ಇಟ್ಟರೆ ಎರಡು ಫ್ಯಾನುಗಳು ಎದುರುಬದುರು ತಳ್ಳಾಡಿ ಬಿಸಿ ಒಳಗೇ ಉಳಿಯುತ್ತದೆ. ಫೋಲ್ಡರ್ ಫೋಲ್ಡರ್ ಆಗಿ ನಕಲು ಮಾಡಿ. ಯಾವುದಾದರೂ ಡಿಸ್ಕ್ 55 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಅರ್ಧ ಗಂಟೆ ನಿಲ್ಲಿಸಿ ಮುಂದುವರಿಸಿ.

ನಕಲು ಮುಗಿದ ಮೇಲೆ ಹತ್ತಾರು ಫೈಲುಗಳನ್ನು ಅಲ್ಲಲ್ಲಿ ತೆರೆದು ನೋಡಿ. ತೆರೆದು ನೋಡದ ಬ್ಯಾಕಪ್ಪನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ.

ಹಂತ 2: ಡಿಸ್ಕಿನ ಬಿಸಿಯಿಂದ ಕೋಣೆಯ ಬಿಸಿ ಕಳೆಯಿರಿ

ಥರ್ಮಾಮೀಟರನ್ನು ಪೆಟ್ಟಿಗೆ ಗಾಳಿ ಎಳೆದುಕೊಳ್ಳುವ ಬದಿಯಲ್ಲಿ, ಸುಮಾರು 10 ಸೆಂಟಿಮೀಟರ್ ದೂರದಲ್ಲಿಡಿ. ಕೋಣೆಯ ಇನ್ನೊಂದು ಮೂಲೆಯ ಅಂಕಿ ಉಪಯೋಗಕ್ಕಿಲ್ಲ. ಪೆಟ್ಟಿಗೆ ಉಸಿರಾಡುವ ಗಾಳಿ ಎಷ್ಟು ಬಿಸಿ ಎಂಬುದು ಬೇಕು. ನ್ಯಾಸ್‌ನ ಹತೋಟಿ ಪುಟದಲ್ಲಿ ಪ್ರತಿ ಡಿಸ್ಕಿನ ಉಷ್ಣತೆ, ಸಿಪಿಯು ಉಷ್ಣತೆ, ಫ್ಯಾನಿನ ವೇಗ ಸಿಗುತ್ತವೆ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿಯಲ್ಲಾದರೆ 194 ಎಂಬ ಸಂಖ್ಯೆಯ ಸಾಲು ಉಷ್ಣತೆ.

ಎರಡು ದಿನ, ದಿನಕ್ಕೆ ಮೂರು ಸಲ ಬರೆದುಕೊಳ್ಳಿ: ಪೆಟ್ಟಿಗೆ ಸುಮ್ಮನಿರುವ ಹೊತ್ತು, ಮಧ್ಯಾಹ್ನ, ಹೆಚ್ಚು ಕೆಲಸ ಮಾಡುತ್ತಿರುವ ಹೊತ್ತು. ಪ್ರತಿ ಸಲವೂ ಡಿಸ್ಕಿನ ಅಂಕಿಯಿಂದ ಕೋಣೆಯ ಅಂಕಿಯನ್ನು ಕಳೆಯಿರಿ. ಉಳಿದದ್ದನ್ನು ಏರಿಕೆ ಎಂದು ಕರೆಯೋಣ. ಮುಂದಿನ ಎಲ್ಲ ತೀರ್ಮಾನಗಳೂ ಈ ಅಂಕಿಯ ಮೇಲೆ ನಿಂತಿವೆ.

ಒಂದು ಉದಾಹರಣೆ. ಇಬ್ಬರ ಡಿಸ್ಕುಗಳೂ 46 ಡಿಗ್ರಿ ತೋರಿಸುತ್ತಿವೆ. ಮೊದಲನೆಯವರ ಕೋಣೆ 34 ಡಿಗ್ರಿ, ಏರಿಕೆ 12. ಅವರ ಪೆಟ್ಟಿಗೆ ಸರಿಯಾಗಿಯೇ ಕೆಲಸ ಮಾಡುತ್ತಿದೆ. ಕೋಣೆ ಬಿಸಿ ಇದೆ ಅಷ್ಟೆ. ಎಷ್ಟು ಫ್ಯಾನ್ ಬದಲಿಸಿದರೂ ಹೆಚ್ಚೇನೂ ಇಳಿಯದು. ಎರಡನೆಯವರ ಕೋಣೆ 24 ಡಿಗ್ರಿ, ಏರಿಕೆ 22. ಅವರ ಪೆಟ್ಟಿಗೆಯೊಳಗೆ ಏನೋ ಕೆಟ್ಟಿದೆ, ಸೆಖೆಗಾಲ ಬಂದಾಗ ಅದು ಬೀಪ್ ಎನ್ನುವುದು ಖಂಡಿತ. ಎರಡೂ ಕಡೆ ಡಿಸ್ಕಿನ ಅಂಕಿ ಒಂದೇ, ಕಾಯಿಲೆ ಬೇರೆ.

ಚೊಕ್ಕವಾಗಿರುವ ಪೆಟ್ಟಿಗೆಯಲ್ಲಿ 8ರಿಂದ 15 ಡಿಗ್ರಿ ಏರಿಕೆಯನ್ನು ನಾನು ಸಹಜ ಎಂದು ಇಟ್ಟುಕೊಂಡಿದ್ದೇನೆ. ನಿಮಿಷಕ್ಕೆ 7200 ಸುತ್ತು ತಿರುಗುವ ಡಿಸ್ಕುಗಳಲ್ಲಿ ಇದು ಮೇಲಿನ ತುದಿಗೆ, 5400ರವುಗಳಲ್ಲಿ ಕೆಳಗಿನ ತುದಿಗೆ ಇರುತ್ತದೆ. 20 ದಾಟಿದರೆ ಗಾಳಿಯ ದಾರಿಯಲ್ಲೋ ಫ್ಯಾನಿನಲ್ಲೋ ತೊಡಕಿದೆ. ನಾಲ್ಕು ಡಿಸ್ಕಿನ ಪೆಟ್ಟಿಗೆಯಲ್ಲಿ ನಡುವಿನ ಎರಡು ಅಂಚಿನವುಗಳಿಗಿಂತ ಎರಡು ಮೂರು ಡಿಗ್ರಿ ಹೆಚ್ಚಿರುವುದು ಮಾಮೂಲು, ಅದಕ್ಕೆ ಗಾಬರಿ ಬೇಡ. ಒಂದೇ ಒಂದು ಡಿಸ್ಕ್ ಉಳಿದವುಗಳಿಗಿಂತ ಏಳೆಂಟು ಡಿಗ್ರಿ ಮೇಲಿದ್ದರೆ ಮಾತ್ರ ನೇರ 10ನೇ ಹಂತ ಓದಿ.

ನಿಜವಾದ ಅಂಕಿಗಳ ವಿಷಯ: ಡಿಸ್ಕ್ 40ರ ಆಸುಪಾಸಿನಲ್ಲಿದ್ದರೆ ನೆಮ್ಮದಿ. 45 ದಾಟಿದರೆ ಕಾರಣ ಹುಡುಕಬೇಕು. 50ರ ಮೇಲೆ ದಿನವಿಡೀ ಇದ್ದರೆ ಅದೇ ವಾರ ಕೆಲಸ ಶುರು ಮಾಡಬೇಕು. ತಯಾರಕರು ಬರೆಯುವ ಮೇಲ್ಮಿತಿ ಸಾಮಾನ್ಯವಾಗಿ 60 ಡಿಗ್ರಿ, ಕೆಲವು ಮಾದರಿಗಳಿಗೆ 65 ಅಥವಾ 70. ಆ ಮಿತಿಯವರೆಗೂ ಬಿಡಬಹುದು ಎಂದು ಓದಿಕೊಳ್ಳಬೇಡಿ. ಹಾಗೆಂದು 25 ಡಿಗ್ರಿಗೆ ಇಳಿಸಲು ಹೆಣಗುವುದೂ ಬೇಡ. 2007ರಲ್ಲಿ ಗೂಗಲ್ ತನ್ನ ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳ ಬಗ್ಗೆ ಪ್ರಕಟಿಸಿದ ಅಧ್ಯಯನದಲ್ಲಿ, ತೀರಾ ತಣ್ಣಗಿದ್ದ ಡಿಸ್ಕುಗಳು ಹೆಚ್ಚು ಬಾಳಲಿಲ್ಲ. ಬಿಸಿಯ ಪೆಟ್ಟು ಎದ್ದು ಕಂಡದ್ದು ಮೂರು ವರ್ಷ ದಾಟಿದ ಡಿಸ್ಕುಗಳಲ್ಲಿ. ನಿಮ್ಮ ಕೈಯಲ್ಲಿರುವುದು ಅದೇ ವಯಸ್ಸಿನದು.

ಸಿಪಿಯು ಲೆಕ್ಕ ಬೇರೆ. 60-70 ಡಿಗ್ರಿಯಲ್ಲಿ ಅದು ಆರಾಮವಾಗಿರುತ್ತದೆ. ಡಿಸ್ಕಿನ ಅಂಕಿಯನ್ನೂ ಸಿಪಿಯು ಅಂಕಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಪದೇ ಪದೇ ಕಾಣುವ ತಪ್ಪು.

ಹಂತ 3: ಸುಮ್ಮನಿರಬೇಕಾದ ಪೆಟ್ಟಿಗೆ ಏನು ಮಾಡುತ್ತಿದೆ?

ಯಾರೂ ಬಳಸದ ಹೊತ್ತಿನಲ್ಲಿ ಡಿಸ್ಕಿನ ದೀಪ ಎಡೆಬಿಡದೆ ಮಿನುಗುತ್ತಿದ್ದರೆ ಬಿಸಿಯ ಮೂಲ ಸಾಫ್ಟ್‌ವೇರ್. ಹತೋಟಿ ಪುಟದಲ್ಲಿ ಓಡುತ್ತಿರುವ ಕೆಲಸಗಳ ಪಟ್ಟಿ ತೆರೆಯಿರಿ. ಫೋಟೊಗಳ ಚಿಕ್ಕ ಚಿತ್ರ ತಯಾರಿಸುವುದು, ಮುಖ ಗುರುತಿಸುವುದು, ವಿಡಿಯೊ ರೂಪ ಬದಲಿಸುವುದು, ಹುಡುಕಾಟದ ಸೂಚಿ ಕಟ್ಟುವುದು, ಕ್ಯಾಮೆರಾ ರೆಕಾರ್ಡಿಂಗ್, ಟೊರೆಂಟ್: ಹಳೆಯ ಪೆಟ್ಟಿಗೆಗೆ ಅಪ್‌ಡೇಟ್ ಬಂದ ಮೇಲೆ ಇವುಗಳಲ್ಲಿ ಒಂದೋ ಎರಡೋ ತಾವಾಗಿಯೇ ಶುರುವಾಗಿರುತ್ತವೆ.

ರೇಡ್‌ನ ತಿಂಗಳ ತಪಾಸಣೆ, ಅಂದರೆ ಸ್ಕ್ರಬ್, ನಡೆಯುತ್ತಿದೆಯೇ ಎಂಬುದನ್ನೂ ನೋಡಿ. ಆ ಹೊತ್ತಿನಲ್ಲಿ ಡಿಸ್ಕುಗಳು ಗಂಟೆಗಟ್ಟಲೆ ಬಿಡುವಿಲ್ಲದೆ ಓದುತ್ತವೆ, ಏರಿಕೆ ಐದಾರು ಡಿಗ್ರಿ ಹೆಚ್ಚುವುದು ಸಹಜ. ಸ್ಕ್ರಬ್ಬನ್ನು ಶಾಶ್ವತವಾಗಿ ನಿಲ್ಲಿಸಬೇಡಿ. ಹಾಳಾದ ಡೇಟಾ ಮೊದಲು ಕಣ್ಣಿಗೆ ಬೀಳುವುದು ಅದರಲ್ಲೇ. ತಂಪಾದ ರಾತ್ರಿ ಹೊತ್ತಿಗೆ ಸರಿಸಿ, ಬ್ಯಾಕಪ್ಪಿನ ಸಮಯದೊಂದಿಗೆ ತಗಲದಂತೆ ನೋಡಿಕೊಳ್ಳಿ.

ಬೇಡದ ಆ್ಯಪ್‌ಗಳನ್ನು ನಿಲ್ಲಿಸಿ, ಮೂರು ಗಂಟೆ ಬಿಟ್ಟು ಏರಿಕೆ ಅಳೆಯಿರಿ. ಐದು ಡಿಗ್ರಿ ಇಳಿದಿದ್ದರೆ ಅರ್ಧ ಸಮಸ್ಯೆ ಒಂದು ಸ್ಕ್ರೂ ಬಿಚ್ಚದೆ ಮುಗಿಯಿತು.

ಹಂತ 4: ಇಟ್ಟ ಜಾಗ

ಮುಚ್ಚಿದ ಕಪಾಟು, ಟಿವಿ ಹಿಂದಿನ ಗೂಡು, ರೂಟರಿನ ನೆತ್ತಿ, ಪುಸ್ತಕಗಳ ಸಂದಿ ಇವೆಲ್ಲ ಬೇಡ. ಹೊರಬಂದ ಬಿಸಿಗಾಳಿ ಸುತ್ತಿಕೊಂಡು ಮತ್ತೆ ಒಳಗೇ ಹೋಗುತ್ತದೆ. ಹಿಂದೆ ಕನಿಷ್ಠ 10-15 ಸೆಂಟಿಮೀಟರ್ ಬಿಡುವು, ಅಡಿಯಲ್ಲಿ ಗಟ್ಟಿ ನೆಲ. ಕೆಲವು ಮಾದರಿಗಳು ತಳದಿಂದಲೂ ಗಾಳಿ ಎಳೆಯುತ್ತವೆ; ಕಾರ್ಪೆಟ್ ಅಥವಾ ಬಟ್ಟೆಯ ಮೇಲಿಟ್ಟರೆ ಆ ದಾರಿ ಮುಚ್ಚಿಹೋಗುತ್ತದೆ. ಒಂದು ದಿನ ತೆರೆದ ಜಾಗದಲ್ಲಿಟ್ಟು ಅಳೆಯಿರಿ. ಓಡುತ್ತಿರುವ ಪೆಟ್ಟಿಗೆಯನ್ನು ಎತ್ತಿ ಸರಿಸಬೇಡಿ, ಆಫ್ ಮಾಡಿಯೇ ಸರಿಸಿ.

ಎಸಿಯ ತಂಪು ಗಾಳಿ ನೇರವಾಗಿ ಬಡಿಯುವ ಜಾಗವೂ ಒಳ್ಳೆಯದಲ್ಲ. ತಂಪು-ಬಿಸಿ ಪದೇ ಪದೇ ಬದಲಾದರೆ ಒಳಗೆ ತೇವ ಕೂರಬಹುದು.

ಹಂತ 5: ಒಂದು ಗಂಟೆಯ ಫ್ಯಾನ್ ಪರೀಕ್ಷೆ

ಇನ್ನೂ ಪೆಟ್ಟಿಗೆ ತೆರೆದಿಲ್ಲ. ಫ್ಯಾನನ್ನು ಪೂರ್ಣ ವೇಗಕ್ಕೆ ಹಾಕಿ, ಒಂದು ಗಂಟೆ ಬಿಟ್ಟು ಎಲ್ಲ ಅಂಕಿಗಳನ್ನೂ ಬರೆದುಕೊಳ್ಳಿ. ತೊಂದರೆ ಎಲ್ಲಿದೆ ಎಂಬುದು ಬಹುಮಟ್ಟಿಗೆ ಇಲ್ಲೇ ಗೊತ್ತಾಗುತ್ತದೆ.

ಡಿಸ್ಕು, ಸಿಪಿಯು ಎರಡೂ ಚೆನ್ನಾಗಿ ಇಳಿದರೆ ಯಂತ್ರ ಸರಿ ಇದೆ. ಸದ್ದಿಲ್ಲದ ಮೋಡಿನಲ್ಲಿ ಫ್ಯಾನ್ ತೀರಾ ನಿಧಾನ ತಿರುಗುತ್ತಿತ್ತು. ಒಂದು ಮೆಟ್ಟಿಲು ಮೇಲಿನ ಮೋಡಿಗೆ ಹಾಕಿ, ಕೆಲಸ ಮುಗಿಯಿತು.

ಸದ್ದು ಹೆಚ್ಚಾಯಿತು, ಆದರೆ ಯಾವುದೂ ಇಳಿಯಲಿಲ್ಲ ಎಂದಾದರೆ ಗಾಳಿಯ ದಾರಿ ಕಟ್ಟಿದೆ: ಧೂಳು. 6ನೇ ಹಂತ. ಸದ್ದೂ ಹೆಚ್ಚಾಗಲಿಲ್ಲ, ವೇಗದ ಅಂಕಿ ಸೊನ್ನೆ ಅಥವಾ ಏರಿಳಿಯುತ್ತಿದೆ ಎಂದಾದರೆ ಫ್ಯಾನ್ ಸವೆದಿದೆ. ಆಗಲೂ 6 ಮೊದಲು, 7 ಆಮೇಲೆ. ಡಿಸ್ಕುಗಳು ಇಳಿದವು, ಸಿಪಿಯು ಮಾತ್ರ ಅಲ್ಲೇ ನಿಂತಿತು ಎಂದಾದರೆ ಸಿಪಿಯು ಮೇಲಿನ ಥರ್ಮಲ್ ಪೇಸ್ಟ್ ಒಣಗಿರುವ ಸಂಭವ ಹೆಚ್ಚು.

ಅಂಕಿಯನ್ನೇ ನಂಬಿ ಕೂರಬೇಡಿ. ತೆಳುವಾದ ಕಾಗದದ ಪಟ್ಟಿಯನ್ನು ಹಿಂದಿನ ಜಾಲರಿಯ ಮುಂದೆ ಹಿಡಿಯಿರಿ. ಪೂರ್ಣ ವೇಗದಲ್ಲಿ ಅದು ಗಟ್ಟಿಯಾಗಿ ಹಾರಬೇಕು. ಫ್ಯಾನ್ ಅಂಕಿ ಚೆನ್ನಾಗಿದ್ದೂ ಪಟ್ಟಿ ಜೋತುಬಿದ್ದಿದ್ದರೆ ಫ್ಯಾನ್ ತಿರುಗುತ್ತಿದೆ, ಗಾಳಿ ಸಾಗುತ್ತಿಲ್ಲ.

ಹಂತ 6: ಆಫ್ ಮಾಡಿ, ಧೂಳು ತೆಗೆಯಿರಿ

ಹತೋಟಿ ಪುಟದಿಂದಲೇ ಶಟ್‌ಡೌನ್ ಮಾಡಿ. ಪ್ಲಗ್ ಕೀಳುವುದು ಕೊನೆಗೆ. ದೀಪಗಳೆಲ್ಲ ಆರಿದ ಮೇಲೂ ಒಂದು ನಿಮಿಷ ಕಾದು ಡಿಸ್ಕುಗಳು ಕೂತಿರುವ ಟ್ರೇಗಳನ್ನು ಹೊರಗೆಳೆಯಿರಿ, ಒಳಗಿನ ತಟ್ಟೆಗಳು ತಿರುಗುವುದು ನಿಲ್ಲಲಿ. ತೆಗೆಯುವ ಮೊದಲೇ ಪ್ರತಿ ಟ್ರೇಗೂ ಟೇಪ್ ಅಂಟಿಸಿ 1, 2, 3, 4 ಎಂದು ಬರೆಯಿರಿ. ಅದೇ ಕ್ರಮದಲ್ಲಿ ವಾಪಸು ಹಾಕಬೇಕು. ಕೆಲವು ಪೆಟ್ಟಿಗೆಗಳು ಕ್ರಮ ಬದಲಾದರೂ ಗುರುತು ಹಿಡಿಯುತ್ತವೆ, ಆದರೆ ಹಳೆಯ ಪೆಟ್ಟಿಗೆಯ ಮೇಲೆ ಆ ಪರೀಕ್ಷೆ ನಡೆಸಬೇಡಿ.

ಟಾರ್ಚ್ ಬಿಟ್ಟು ಒಳಗೆ ನೋಡಿ. ಧೂಳು ಹೆಚ್ಚಾಗಿ ಮೂರು ಕಡೆ ಗಟ್ಟಿ ಕಟ್ಟುತ್ತದೆ: ಮುಂದಿನ ಜಾಲರಿ, ಡಿಸ್ಕುಗಳ ಹಿಂದಿನ ಹಲಗೆಯ ತೂತುಗಳು, ಫ್ಯಾನಿನ ರೆಕ್ಕೆಗಳು. ಡಿಸ್ಕುಗಳ ಹಿಂದಿನ ಹಲಗೆಯನ್ನು ಬಹಳ ಜನ ಮರೆಯುತ್ತಾರೆ. ಗಾಳಿ ಡಿಸ್ಕುಗಳ ನಡುವಿನಿಂದ ಹಾದು ಆ ಸಣ್ಣ ತೂತುಗಳ ಮೂಲಕವೇ ಫ್ಯಾನ್ ತಲುಪಬೇಕು. ಹೊರಗಿನ ಜಾಲರಿ ಫಳಫಳ ಹೊಳೆಯುತ್ತಿದ್ದರೂ ಒಳಗಿನ ಈ ತೂತುಗಳು ಕಟ್ಟಿದ್ದರೆ ಮಾಡಿದ್ದೆಲ್ಲ ವ್ಯರ್ಥ.

ಬ್ರಷ್‌ನಿಂದ ಸಡಿಲಿಸಿ, ಆಮೇಲೆ ಊದಿ. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಒತ್ತಿ ಹಿಡಿದುಕೊಳ್ಳಲೇಬೇಕು. ಗಾಳಿಯ ರಭಸಕ್ಕೆ ಅದು ಮಿತಿಮೀರಿ ತಿರುಗಿದರೆ ಬೇರಿಂಗ್ ಕೆಡುತ್ತದೆ. ತಿರುಗುವ ಫ್ಯಾನ್ ವಿದ್ಯುತ್ ಹುಟ್ಟಿಸಿ ಬೋರ್ಡಿಗೆ ಕಳಿಸಲೂಬಹುದು. ಒತ್ತಿದ ಗಾಳಿಯ ಡಬ್ಬಿಯನ್ನು ನೆಟ್ಟಗೆ ಹಿಡಿಯಿರಿ, ಬಗ್ಗಿಸಿದರೆ ದ್ರವ ಚಿಮ್ಮುತ್ತದೆ. ಮನೆ ಗುಡಿಸುವ ವ್ಯಾಕ್ಯೂಮ್ ಕ್ಲೀನರಿನ ಮೂತಿಯನ್ನು ಬೋರ್ಡಿನ ಹತ್ತಿರ ತರಬೇಡಿ, ಅದರ ಸ್ಥಿರ ವಿದ್ಯುತ್ ಚಿಪ್ಪುಗಳಿಗೆ ಅಪಾಯ. ಡಿಸ್ಕಿನ ಮೇಲಿರುವ ಚಿಕ್ಕ ಉಸಿರಾಟದ ತೂತಿಗೆ ಊದುವುದೂ, ಟೇಪ್ ಅಂಟಿಸುವುದೂ ಬೇಡ.

ಖಾಲಿ ಇರುವ ಟ್ರೇಗಳನ್ನೂ ವಾಪಸು ಹಾಕಿ. ಅವು ಇಲ್ಲದಿದ್ದರೆ ಗಾಳಿ ಸುಲಭದ ದಾರಿ ಹಿಡಿದು, ತಂಪು ಬೇಕಾದ ಡಿಸ್ಕುಗಳನ್ನು ಬಳಸಿಕೊಂಡು ಹೋಗಿಬಿಡುತ್ತದೆ. ಮುಚ್ಚಳ ತೆಗೆದು ಓಡಿಸುವವರಿಗೂ ಇದೇ ಮಾತು: ಮುಚ್ಚಳವಿದ್ದರೆ ಮಾತ್ರ ಫ್ಯಾನ್ ಡಿಸ್ಕುಗಳ ನಡುವಿನಿಂದ ಗಾಳಿ ಎಳೆಯಬಲ್ಲದು. ತೆರೆದ ಪೆಟ್ಟಿಗೆ ಕೈಗೆ ತಂಪೆನಿಸುತ್ತದೆ, ನಡುವಿನ ಡಿಸ್ಕ್ ಮಾತ್ರ ಮೊದಲಿಗಿಂತ ಹೆಚ್ಚು ಕಾಯುತ್ತದೆ.

ಮುಚ್ಚಿ, ಆನ್ ಮಾಡಿ, ಮಾರನೆಯ ದಿನ ಏರಿಕೆ ಅಳೆಯಿರಿ. 15ರ ಒಳಗೆ ಬಂದಿದ್ದರೆ ಇಲ್ಲಿಗೆ ನಿಲ್ಲಿಸಿ.

ಹಂತ 7: ಫ್ಯಾನ್ ಬದಲಾವಣೆ

ಸವೆದ ಫ್ಯಾನಿನ ಗುರುತುಗಳು: ಆನ್ ಮಾಡಿದ ಮೊದಲ ನಿಮಿಷ ಗರಗರ ಸದ್ದು, ಬೆರಳಿನಿಂದ ತಿರುಗಿಸಿ ಬಿಟ್ಟರೆ ತಟ್ಟನೆ ನಿಲ್ಲುವುದು, ನಡುದಂಡ ಅತ್ತಿತ್ತ ಅಲ್ಲಾಡುವುದು. ಬೇರಿಂಗಿಗೆ ಎಣ್ಣೆ ಬಿಟ್ಟರೆ ಕೆಲವು ವಾರ ಓಡಬಹುದು. ಹೊಸದು ಬರುವ ತನಕ ಅದು ಸರಿ, ಅದೇ ಪರಿಹಾರವೆಂದು ಬಿಡಬೇಡಿ.

ಹೊಸದು ತರುವ ಮುನ್ನ ಹಳೆಯದನ್ನು ಬಿಚ್ಚಿ ಐದು ಸಂಗತಿ ಬರೆದುಕೊಳ್ಳಿ: ಅಗಲ (80, 92 ಅಥವಾ 120 ಮಿಲಿಮೀಟರ್), ದಪ್ಪ (25 ಸಾಮಾನ್ಯ, ತೆಳ್ಳಗಿನವೂ ಇವೆ), ವೋಲ್ಟೇಜ್ (ಹೆಚ್ಚಾಗಿ 12), ತಂತಿಗಳ ಸಂಖ್ಯೆ (ಮೂರೋ ನಾಲ್ಕೋ), ಗರಿಷ್ಠ ವೇಗ. ಐದನೆಯದನ್ನು ಬಿಟ್ಟವರೇ ಹೆಚ್ಚು ತೊಂದರೆಪಡುವುದು. ಸದ್ದು ಕಡಿಮೆ ಎಂದು ನಿಧಾನಗತಿಯ ಫ್ಯಾನ್ ಹಾಕುತ್ತಾರೆ; ಪೆಟ್ಟಿಗೆ ತಾನು ನಿರೀಕ್ಷಿಸಿದ ವೇಗ ಸಿಗದೆ ಫ್ಯಾನ್ ಕೆಟ್ಟಿದೆ ಎಂದು ಬೀಪ್ ಮಾಡುತ್ತದೆ. ನಾಲ್ಕು ತಂತಿಯ ಜಾಗಕ್ಕೆ ಮೂರು ತಂತಿಯದನ್ನು ಹಾಕಿದರೆ ವೇಗದ ನಿಯಂತ್ರಣ ಕೈತಪ್ಪಬಹುದು.

ಪ್ಲಗ್ ಹೊಂದುತ್ತದೆ ಎಂದಮಾತ್ರಕ್ಕೆ ತಂತಿಗಳ ಕ್ರಮ ಒಂದೇ ಎಂದು ತಿಳಿಯಬೇಡಿ. ಹಳೆಯದರ ಫೋಟೊ ತೆಗೆದಿಟ್ಟು ಹೋಲಿಸಿ. ಜೋಡಿಸುವಾಗ ಫ್ಯಾನಿನ ಚೌಕಟ್ಟಿನ ಮೇಲಿನ ಬಾಣ ನೋಡಿ: ಗಾಳಿ ಹಳೆಯದು ಬಿಡುತ್ತಿದ್ದ ದಿಕ್ಕಿಗೇ, ಬಹುತೇಕ ಪೆಟ್ಟಿಗೆಗಳಲ್ಲಿ ಹೊರಕ್ಕೆ, ಹೋಗಬೇಕು. ಬಾಣವಿಲ್ಲದಿದ್ದರೆ ಕಾಗದದ ಪಟ್ಟಿ ಹಿಡಿದು ನೋಡಿ. ಉಲ್ಟಾ ಜೋಡಿಸಿದ ಫ್ಯಾನ್ ಸದ್ದು ಮಾಡುತ್ತದೆ, ಅಂಕಿ ತೋರಿಸುತ್ತದೆ, ಡಿಸ್ಕ್ ಮಾತ್ರ ತಂಪಾಗುವುದಿಲ್ಲ.

ಹಂತ 8: ಸಿಪಿಯು ಮೇಲಿನ ಥರ್ಮಲ್ ಪೇಸ್ಟ್

5ನೇ ಹಂತದಲ್ಲಿ ಸಿಪಿಯು ಮಾತ್ರ ಇಳಿಯದೆ ಉಳಿದಿದ್ದರಷ್ಟೇ ಇದು. ಡಿಸ್ಕಿನ ಬಿಸಿಗೆ ಪೇಸ್ಟ್ ಮದ್ದಲ್ಲ.

ಬೋರ್ಡ್ ಹೊರತೆಗೆಯುವಾಗ ಪ್ರತಿ ತಂತಿಯ ಫೋಟೊ ತೆಗೆಯಿರಿ. ಸಿಪಿಯು ಬಿಸಿ ಹೀರುವ ಲೋಹದ ತುಂಡಾದ ಹೀಟ್‌ಸಿಂಕನ್ನು ಕೀಳಬೇಡಿ, ನಿಧಾನ ಅತ್ತಿತ್ತ ತಿರುಚಿ ಬಿಡಿಸಿ. ಅಡಿಯಲ್ಲಿ ಒಣಗಿದ ಬೂದು ಪದರವಿದ್ದರೆ ಆಲ್ಕೊಹಾಲಿನಲ್ಲಿ ನೆನೆಸಿದ ಬಟ್ಟೆಯಿಂದ ಒರೆಸಿ, ಚಿಪ್ಪಿನ ನಡುವೆ 3-4 ಮಿಲಿಮೀಟರ್ ಅಗಲದ ಒಂದು ಚುಕ್ಕೆ ಪೇಸ್ಟ್ ಇಟ್ಟು ಕೂರಿಸಿ. ಮೆತ್ತನೆಯ ಪ್ಯಾಡ್ ಇದ್ದರೆ ವಿಷಯ ಬೇರೆ: ಪ್ಯಾಡಿನ ಜಾಗಕ್ಕೆ ಅದೇ ದಪ್ಪದ ಪ್ಯಾಡೇ ಬೇಕು. ಪೇಸ್ಟ್ ಆ ಸಂದನ್ನು ತುಂಬಲಾರದು, ಸಿಪಿಯು ಮೊದಲಿಗಿಂತ ಬೇಗ ಕಾಯುತ್ತದೆ.

ಹಂತ 9: ಅಡಾಪ್ಟರ್

ಪೆಟ್ಟಿಗೆ ಸರಿ ಇದ್ದೂ ತಾನಾಗಿ ಆಫ್ ಆಗುತ್ತಿದ್ದರೆ ಅಡಾಪ್ಟರ್ ಮುಟ್ಟಿ ನೋಡಿ. ಕೈ ಇಟ್ಟುಕೊಳ್ಳಲಾಗದಷ್ಟು ಬಿಸಿ, ಕಿರ್ ಎಂಬ ಸದ್ದು, ಕಮಟು ವಾಸನೆ ಇದ್ದರೆ ಅದನ್ನು ಆಗಲೇ ಬಳಕೆಯಿಂದ ತೆಗೆಯಿರಿ. ಒಳಗಿನ ಕೆಪಾಸಿಟರುಗಳಿಗೆ, ಅಂದರೆ ವಿದ್ಯುತ್ ಹಿಡಿದಿಡುವ ಬಿಡಿಭಾಗಗಳಿಗೆ, ವಯಸ್ಸಾಗುವುದು ಬಿಸಿಯಿಂದಲೇ. ಪ್ರತಿ 10 ಡಿಗ್ರಿ ಹೆಚ್ಚಳಕ್ಕೆ ಆಯುಸ್ಸು ಸುಮಾರು ಅರ್ಧವಾಗುತ್ತದೆ ಎಂಬುದು ಎಲೆಕ್ಟ್ರಾನಿಕ್ಸ್ ಬಲ್ಲವರ ಲೆಕ್ಕ. 3.5 ಇಂಚಿನ ಡಿಸ್ಕ್ ತಿರುಗಲು ಶುರುಮಾಡುವ ಕ್ಷಣದಲ್ಲಿ 12 ವೋಲ್ಟ್ ತಂತಿಯಿಂದ ಸುಮಾರು 2 ಆಂಪಿಯರ್‌ವರೆಗೆ ಎಳೆಯುತ್ತದೆ. ಆದ್ದರಿಂದ ದಣಿದ ಅಡಾಪ್ಟರ್ ಆನ್ ಮಾಡುವಾಗಲೇ ಎಡವುತ್ತದೆ: ದೀಪ ಬಂದು ಆರುವುದು, ಒಂದು ಡಿಸ್ಕ್ ಕಾಣದೇ ಹೋಗುವುದು. ಹೊಸದರಲ್ಲಿ ವೋಲ್ಟೇಜ್ ತಾಳೆಯಾಗಲೇಬೇಕು, ಆಂಪಿಯರ್ ಸಮ ಅಥವಾ ಹೆಚ್ಚು, ಪಿನ್ನಿನ ಧನ-ಋಣ ಅದೇ.

ಹಂತ 10: ಡಿಸ್ಕೇ ಸಾಯುತ್ತಿದೆಯೇ?

ಸ್ಮಾರ್ಟ್ ವರದಿಯ ನಾಲ್ಕು ಸಾಲು ನೋಡಿ. 5, 197 ಮತ್ತು 198 ಕೆಟ್ಟ ಸೆಕ್ಟರುಗಳ, ಅಂದರೆ ಡೇಟಾ ಕೂರುವ ಚಿಕ್ಕ ಚಿಕ್ಕ ಜಾಗಗಳ, ಲೆಕ್ಕ. 199 ಕೇಬಲ್ ಅಥವಾ ಕನೆಕ್ಟರಿನ ದೋಷ. ಮೊದಲ ಮೂರರಲ್ಲಿ ಸೊನ್ನೆಯಲ್ಲದ ಅಂಕಿ ಕಂಡರೆ ಬರೆದಿಟ್ಟು ಮರುವಾರ ಮತ್ತೆ ನೋಡಿ. ನಿಂತಲ್ಲೇ ನಿಂತಿದ್ದರೆ ಕಣ್ಣಿಟ್ಟಿರಿ, ಏರುತ್ತಿದ್ದರೆ ಆ ಡಿಸ್ಕನ್ನು ಬದಲಿಸಬೇಕು. ಉಳಿದವುಗಳಿಗಿಂತ ತುಂಬಾ ಬಿಸಿಯಾಗಿ, ಜೊತೆಗೆ ಟಕ್ ಟಕ್ ಎನ್ನುವ ಡಿಸ್ಕಾದರೆ ಮರುವಾರದವರೆಗೆ ಕಾದು ನೋಡುವುದೇ ಬೇಡ.

ಬದಲಿಸುವ ದಿನವನ್ನು ಎಚ್ಚರದಿಂದ ಆರಿಸಿ. ಹೊಸ ಡಿಸ್ಕ್ ಹಾಕಿದೊಡನೆ ಶುರುವಾಗುವ ರೀಬಿಲ್ಡ್, ಅಂದರೆ ತೆಗೆದ ಡಿಸ್ಕಿನ ಡೇಟಾವನ್ನು ಹೊಸದರಲ್ಲಿ ಮತ್ತೆ ಕಟ್ಟುವ ಕೆಲಸ, ಉಳಿದ ಹಳೆಯ ಡಿಸ್ಕುಗಳನ್ನೆಲ್ಲ ತುದಿಯಿಂದ ತುದಿಗೆ ಓದಿಸುತ್ತದೆ. ದೊಡ್ಡ ಡಿಸ್ಕುಗಳಲ್ಲಿ ಒಂದು ದಿನಕ್ಕೂ ಹೆಚ್ಚು ಹಿಡಿಯಬಹುದು. ತಂಪಾಗಿಸುವ ವ್ಯವಸ್ಥೆ ಸರಿಯಾಗದೆ ಇದನ್ನು ಶುರುಮಾಡಿದರೆ, ಕಾದ ಪೆಟ್ಟಿಗೆಯಲ್ಲಿ ಎರಡನೆಯ ಡಿಸ್ಕ್ ಬೀಳುವುದು ಆಗಲೇ. ರೀಬಿಲ್ಡ್ ನಡೆಯುವಷ್ಟೂ ಹೊತ್ತು ಮುಚ್ಚಳ ಮುಚ್ಚಿರಲಿ, ಫ್ಯಾನ್ ಪೂರ್ಣ ವೇಗದಲ್ಲಿರಲಿ, ಆ್ಯಪ್‌ಗಳು ನಿಂತಿರಲಿ.

ಬೋರ್ಡಿನ ಮೇಲೆ ಉಬ್ಬಿದ ಕೆಪಾಸಿಟರ್ ಕಂಡರೆ, ಸುಟ್ಟ ವಾಸನೆ ಬಂದರೆ, ಅಥವಾ ತಯಾರಕರು ಆ ಮಾದರಿಗೆ ಭದ್ರತಾ ಅಪ್‌ಡೇಟ್ ಕೊಡುವುದನ್ನು ನಿಲ್ಲಿಸಿದ್ದರೆ ಆ ಪೆಟ್ಟಿಗೆಗೆ ಹೊಸ ಡಿಸ್ಕ್ ಹಾಕಬೇಡಿ. ಡೇಟಾ ಹೊರತೆಗೆದು ಹೊಸ ಪೆಟ್ಟಿಗೆಗೆ ಸಾಗಿಸಿ. ಹಳೆಯದನ್ನೇ ಉಳಿಸಿಕೊಂಡವರು ರೀಬಿಲ್ಡ್ ಮುಗಿದ ಮಾರನೆಯ ದಿನ 2ನೇ ಹಂತದ ಪಟ್ಟಿಯನ್ನು ಹೊಸ ಪುಟದಲ್ಲಿ ಮತ್ತೆ ಬರೆಯಿರಿ, ಮುಂದಿನ ಬೀಪ್ ಬಂದಾಗ ಹೋಲಿಸಲು ಅದೇ ಬೇಕಾಗುತ್ತದೆ.